ಹೆಸರಿನ ಪಕ್ಕದ ಕಾಲೇಜು

ನಮ್ಮ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರಾಗಿದ್ದು ನಿವೃತ್ತರಾದವರು ಈ ವರ್ಷ ಮಳೆ ಹಿಡಿಯುವ ಹೊತ್ತಿಗೆ ತೀರಿಕೊಂಡರು. ನಗರದ ಪತ್ರಿಕೆಗಳು ಅವರನ್ನು ಆಟಗಾರರ ಪಾಲಿನ ತಂದೆ ಎಂದು ಬರೆದವು. ಆ ಮಾತು ಸುಳ್ಳಲ್ಲ, ನನ್ನ ತಕರಾರು ಇರುವುದೂ ಅಲ್ಲಿಯೇ. ಮಕ್ಕಳನ್ನು ಎದೆಗೆ ಅವಚಿಕೊಂಡು ಜಗತ್ತು ಕಾಣದ ಹಾಗೆ ಕಣ್ಣು ಮುಚ್ಚಿಸುವ ತಂದೆಯರಿದ್ದಾರೆ. ಇವರು ಅಂಥವರು. ಅವರ ಜೊತೆ ಒಂದೇ ಸ್ಟಾಫ್ ರೂಮಿನಲ್ಲಿ ನಾನು ಇಂಗ್ಲಿಷ್ ಅಧ್ಯಾಪಕಿಯಾಗಿ ಕಳೆದ ವರ್ಷಗಳಲ್ಲಿ ಜಗಳವಾಡದ ವಾರ ಇರಲಿಲ್ಲ. ದ್ವೇಷಿಸುವುದಕ್ಕೆ ಒಂದು ದಿನವೂ ಆಗಲಿಲ್ಲ. ನನ್ನ ಸಿಟ್ಟು ಇಂದಿಗೂ ಆರದಿರುವುದಕ್ಕೆ ಅದೂ ಒಂದು ಕಾರಣವಿರಬೇಕು.

ಅವರನ್ನು ಎಲ್ಲರೂ ಪಿ.ಡಿ. ಎನ್ನುತ್ತಿದ್ದರು. ಫಿಸಿಕಲ್ ಡೈರೆಕ್ಟರ್ ಎಂಬ ಹುದ್ದೆಯ ಹೆಸರು ಕಿರಿದಾಗಿ ಅವರ ಸ್ವಂತ ಹೆಸರನ್ನೇ ನುಂಗಿಬಿಟ್ಟಿತ್ತು. ಎತ್ತರದ ಆಳು, ಬಿಳಿಯ ಪ್ಯಾಂಟು, ಬಿಳಿಯ ಕ್ಯಾನ್ವಾಸ್ ಶೂ, ಕೊರಳಲ್ಲಿ ಸೀಟಿ. ಮಾತನಾಡುತ್ತಿದ್ದ ಹಾಗೆಯೇ ಎದುರಿನ ಆಟಗಾರನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಅವನ ಪಾದದ ಗಂಟನ್ನು ಹೆಬ್ಬೆರಳಿನಿಂದ ಒತ್ತಿ ನೋಡುವುದು ಅವರ ಅಭ್ಯಾಸ. ಪ್ರಾಂಶುಪಾಲರು ಬಂದು ನಿಂತರೂ ಏಳುತ್ತಿರಲಿಲ್ಲ. "ಒಂದು ನಿಮಿಷ ಸರ್, ಇವನ ಕಾಲು ಎಂತದೋ ಹೇಳ್ತಾ ಉಂಟು" ಎನ್ನುತ್ತಿದ್ದರು. ಆಟಗಾರರ ಉತ್ತರಪತ್ರಿಕೆಗಳನ್ನೂ ಒಮ್ಮೆ ಅಷ್ಟೇ ಗಮನವಿಟ್ಟು ನೋಡಬಾರದೇ ಎಂದು ನಾನು ಕೇಳಿದ್ದುಂಟು. "ಅದಕ್ಕೆ ನೀವಿದ್ದೀರಲ್ಲ ಮೇಡಂ. ನಾನು ಸೊಂಟದಿಂದ ಕೆಳಗೆ, ನೀವು ಕುತ್ತಿಗೆಯಿಂದ ಮೇಲೆ" ಎಂದು ಗಹಗಹಿಸಿ ನಕ್ಕಿದ್ದರು. ಒಬ್ಬ ಮನುಷ್ಯನನ್ನು ಹೀಗೆ ಎರಡು ಇಲಾಖೆಗಳಾಗಿ ಹಂಚಿಕೊಳ್ಳುವ ಏರ್ಪಾಡನ್ನು ನಾನು ಒಪ್ಪಿರಲಿಲ್ಲ.

ಅವರದು ಗುತ್ತಿನ ಮನೆತನ, ಊರಿನ ಹಳೆಯ ಭೂಮಾಲಿಕರು. ಭೂಸುಧಾರಣೆ ಬಂದು ಗದ್ದೆಗಳು ಗೇಣಿಯವರ ಪಾಲಾದ ಮೇಲೆ ಅವರ ಅಣ್ಣ ಪೇಟೆಯಲ್ಲಿ ಹೋಟೆಲು ತೆರೆದು, ಗಲ್ಲಾಪೆಟ್ಟಿಗೆಯ ಹಿಂದೆ ಕೂತು ದಿನವಿಡೀ ಸರಕಾರವನ್ನು ಬೈಯುತ್ತಿದ್ದರು. ತಮ್ಮ ಬೈಯಲಿಲ್ಲ. "ಹೋದದ್ದು ಒಳ್ಳೆದಾಯ್ತು ಮೇಡಂ. ಕೂತು ತಿಂದು ತಿಂದು ನಮ್ಮವರಿಗೆ ತೊಡೆ ದಪ್ಪ ಆಗಿತ್ತು. ಇನ್ನು ಸ್ವಲ್ಪ ಓಡ್ಲಿ" ಎಂದಿದ್ದರು. ತನ್ನ ಮನೆಯ ಸೊತ್ತು ಹೋದುದನ್ನು ಹೀಗೆ ನಗುತ್ತ ಹೇಳಬಲ್ಲವರನ್ನು ಆ ಕಾಲದಲ್ಲಿ ನಾನು ಬೇರೆ ಯಾರನ್ನೂ ನೋಡಿಲ್ಲ.

ಅದೇ ಮನೆಯಲ್ಲಿ ಒಂದು ಊಟ ನಡೆಯಿತು. ಪಂದ್ಯ ಗೆದ್ದ ಸಂತೋಷಕ್ಕೆ ಇಡೀ ತಂಡವನ್ನೂ ಕೆಲವು ಅಧ್ಯಾಪಕರನ್ನೂ ಕರೆದಿದ್ದರು. ಒಳಗೆ ಚಾವಡಿಯಲ್ಲಿ ಒಂದು ಸಾಲು ಎಲೆ ಹಾಸಿತ್ತು. ಹೊಳೆಯಾಚೆಯ ಬೆಂಗ್ರೆಯಿಂದ ಬಂದ ಮೀನುಗಾರರ ಮನೆಯ ಹುಡುಗರಿಗೆ ಹೊರಗೆ ಜಗಲಿಯಲ್ಲಿ ಇನ್ನೊಂದು ಸಾಲು. ಅಣ್ಣನವರ ಕಟ್ಟಳೆ. ಪಿ.ಡಿ.ಯವರು ಅತ್ತ ನೋಡಿದರು, ಇತ್ತ ನೋಡಿದರು. ಆಮೇಲೆ ತಮ್ಮ ಎಲೆಯನ್ನು ಅನ್ನದ ಸಮೇತ ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಗೆ ನಡೆದು, ಹುಡುಗರ ನಡುವೆ ಕುಳಿತು, "ಒಳಗೆ ಎಂತ ಸೆಕೆ ಮಾರಾಯ! ಇಲ್ಲಿ ಗಾಳಿ ಉಂಟು" ಎಂದರು. ನಾನೂ ಎದ್ದು ಹೊರಗೆ ಹೋದೆ. ಸೆಕೆಯ ನೆಪ ಹೇಳದೆ, ಕಾರಣವನ್ನೇ ಹೇಳಿ ಹೋದೆ. ಅಣ್ಣನವರ ಮುಖ ಕೆಂಪಾಯಿತು.

ಹಿಂತಿರುಗುವಾಗ ದಾರಿಯಲ್ಲಿ ಕೇಳಿದೆ: "ಸರ್, ಎಲೆ ಎತ್ತಿಕೊಂಡು ಬರುವ ಬದಲು ಅಣ್ಣನಿಗೆ ಒಂದು ಮಾತು ಹೇಳಬಹುದಿತ್ತಲ್ಲ?"

"ಹೇಳಿದ್ರೆ ಜಗಳ ಆಗ್ತದೆ ಮೇಡಂ."

"ಆಗಲಿ."

"ಆಗಲಿ ಅಂದ್ರೆ? ಅಷ್ಟರಲ್ಲಿ ಮೀನಿನ ಸಾರು ತಣ್ಣಗಾಗ್ತದೆ. ಹುಡುಗರು ಬೆಳಿಗ್ಗೆಯಿಂದ ಹಸಿದುಕೊಂಡಿದ್ರು ಮಾರಾಯ್ರೆ."

ಅವರ ಇಡೀ ಸ್ವಭಾವವೇ ಇದು. ಅನ್ಯಾಯಕ್ಕೆ ಒಳಗಾದವನ ಪಕ್ಕದಲ್ಲಿ ಹೋಗಿ ಕೂರುವರು. ಅನ್ಯಾಯವನ್ನು ಅದಿರುವ ಜಾಗದಿಂದ ಒಂದಂಗುಲವೂ ಕದಲಿಸರು. ವಿದ್ಯಾರ್ಥಿನಿಯರಿಗೂ ಮೈದಾನದಲ್ಲಿ ಆಡುವ ಸಮಯ ಬೇಕೆಂದು ನಾನು ಪಟ್ಟು ಹಿಡಿದಾಗ, ಮರುದಿನವೇ ಸ್ವತಃ ಬಗ್ಗಿ ಸುಣ್ಣದ ಗೆರೆ ಎಳೆದು ಕೊಟ್ಟವರು ಅವರು. ಹುಡುಗರು ಗೋಡೆ ಹತ್ತಿ ಕೂತು ಸಿಳ್ಳೆ ಹಾಕುತ್ತಾರೆಂಬ ದೂರು ಬಂತು. ಸಿಳ್ಳೆ ಹಾಕಿದವರನ್ನು ಅವರು ಹಿಡಿಯಲಿಲ್ಲ. ಮೈದಾನದ ಆ ಬದಿಗೆ ಉದ್ದಕ್ಕೂ ಹೆಣೆದ ತೆಂಗಿನ ಮಡಲು ಕಟ್ಟಿಸಿ, "ಈಗ ಯಾರಿಗೂ ಎಂತ ತೊಂದರೆ ಇಲ್ಲ" ಎಂದು ಕೈ ತೊಳೆದುಕೊಂಡರು. ಹೆಣ್ಣುಮಕ್ಕಳು ಮರೆಯೊಳಗೆ ಆಡಿದರು, ಪುಂಡರು ಗೋಡೆಯ ಮೇಲೇ ಉಳಿದರು. ಎಲ್ಲರೂ ಪಿ.ಡಿ.ಯವರನ್ನು ಹೊಗಳಿದರು.

ಆದರೆ ಅವರು ಮಾಡಿದ ಒಂದು ಕೆಲಸವನ್ನು ನಾನು ಮನಸಾರೆ ಬೆಂಬಲಿಸಿದ್ದೆ. ನಮ್ಮಲ್ಲಿ ಫುಟ್‌ಬಾಲ್ ಪಂದ್ಯಕ್ಕೆ ಮೊದಲು ಆಟಗಾರರ ಹೆಸರನ್ನು ಮೈಕಿನಲ್ಲಿ ಹೇಳುವಾಗ ಕುಲನಾಮವನ್ನು ಸೇರಿಸಿಯೇ ಹೇಳುತ್ತಿದ್ದರು. ಆ ಎರಡನೆಯ ಪದ ಕಿವಿಗೆ ಬಿದ್ದೊಡನೆ ಯಾರು ಗದ್ದೆಯವರು, ಯಾರು ದೋಣಿಯವರು, ಯಾರು ಯಾರ ಮನೆಯ ಜಗಲಿಯಲ್ಲಿ ಉಣ್ಣಬೇಕಾದವರು ಎಂಬುದು ಮೈದಾನಕ್ಕೆಲ್ಲ ತಿಳಿದುಹೋಗುತ್ತಿತ್ತು. ಪಿ.ಡಿ.ಯವರು ಇದನ್ನು ನಿಲ್ಲಿಸಿದರು. ನಿಲ್ಲಿಸುವ ಉಪಾಯ ಅವರಿಗೆ ದೊರೆತದ್ದು ಅಮೆರಿಕದವರ ಒಂದು ಬಣ್ಣದ ಪತ್ರಿಕೆಯಲ್ಲಿ. ಕಾಲೇಜಿನ ವಾಚನಾಲಯಕ್ಕೆ ಅದು ಬಿಟ್ಟಿಯಾಗಿ ಬರುತ್ತಿತ್ತು. ಅದರ ಎರಡು ಪುಟಗಳ ತುಂಬ ಅಲ್ಲಿಯ ಸಂಬಳದ ಫುಟ್‌ಬಾಲ್ ತಂಡವೊಂದರ ಚಿತ್ರ: ಹೆಗಲಿಗೆ ದಿಂಬು ಕಟ್ಟಿಕೊಂಡು, ಕಂಕುಳಲ್ಲಿ ಶಿರಸ್ತ್ರಾಣ ಇಟ್ಟುಕೊಂಡು ನಿಂತ ದೈತ್ಯರು. ಪ್ರತಿಯೊಬ್ಬನ ಹೆಸರಿನ ಪಕ್ಕ ಎತ್ತರ, ತೂಕ ಮತ್ತು ಅವನ ಕಾಲೇಜು.

"ಮೊಟ್ಟೆಯ ಹಾಗಿನ ಚೆಂಡು, ಅದನ್ನು ಕೈಯಲ್ಲಿ ಹಿಡ್ಕೊಂಡು ಓಡುವುದು, ಅದಕ್ಕೆ ಫುಟ್‌ಬಾಲ್ ಅಂತ ಹೆಸರು! ನಮ್ಮ ಕಬಡ್ಡಿಯೇ ವಾಸಿ" ಎಂದು ಸ್ಟಾಫ್ ರೂಮಿಗೆಲ್ಲ ತೋರಿಸಿ ನಗಾಡಿದರು. ಆಮೇಲೆ ನನ್ನ ಮೇಜಿನ ಬಳಿ ಬಂದು ದನಿ ತಗ್ಗಿಸಿದರು. "ಆದ್ರೆ ಇದು ನೋಡಿ ಮೇಡಂ. ಹೆಸರಿನ ಪಕ್ಕ ಎಂತ ಉಂಟು? ಅಪ್ಪ ಯಾರು ಅಂತ ಉಂಟಾ? ಜಾತಿ ಉಂಟಾ? ಕಾಲೇಜು! ಇನ್ನು ಮೈಕಿನಲ್ಲಿ ನಮ್ಮ ಹುಡುಗರಿಗೂ ಹೀಗೆಯೇ."

ಅಮೆರಿಕದವರಿಗೂ ಕುಲನಾಮ ಇರುತ್ತದೆಂಬುದನ್ನು ಅವರು ಗಣನೆಗೆ ತೆಗೆದುಕೊಳ್ಳಲಿಲ್ಲ. ನಾನೂ ನೆನಪಿಸಲಿಲ್ಲ. ಅಂದಿನಿಂದ ಅವರು ಮೈಕ್ ಹಿಡಿದ ಪಂದ್ಯಗಳಲ್ಲಿ ಹೆಸರು, ಅದರ ಬೆನ್ನಿಗೇ ಕಾಲೇಜು. ಪೇಟೆಯ ಬ್ಯಾಂಕು ಮತ್ತು ಕಂಪೆನಿಗಳ ತಂಡಗಳಿಗೂ ಅದೇ ರೂಢಿಯಾಯಿತು. ಆ ತಂಡಗಳಿಗೆ ಆಟಗಾರರನ್ನು ಒದಗಿಸುತ್ತಿದ್ದದ್ದು ನಗರದ ಕಾಲೇಜುಗಳೇ. ಆಟ ಚೆನ್ನಾಗಿದ್ದವನಿಗೆ ಅಲ್ಲಿ ಕೆಲಸ ಸಿಗುತ್ತಿತ್ತು.

ಆ ಪಟವನ್ನು ಅವರು ಕತ್ತರಿಸಿ ತಮ್ಮ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡರು. ಅದರಲ್ಲಿದ್ದವರೆಲ್ಲರೂ ಪದವೀಧರರೆಂದು ದೃಢವಾಗಿ ನಂಬಿದ್ದರು. ಒಂದು ವರ್ಷ ನಮ್ಮಲ್ಲಿಗೆ ಪಾಠ ಮಾಡಲು ಬಂದಿದ್ದ ಅಮೆರಿಕದ ತರುಣನೊಬ್ಬನಿಗೆ ಹೆಮ್ಮೆಯಿಂದ ಪಟ ತೋರಿಸಿದರು. ಅವನು ನೋಡಿ ತಲೆಯಲ್ಲಾಡಿಸಿದ. ಇದು ಇವರು ಆಡಿದ ಕಾಲೇಜಿನ ಹೆಸರು, ಓದಿ ಮುಗಿಸಿದ್ದಾರೆ ಎಂದು ಇದರ ಅರ್ಥವಲ್ಲ ಎಂದ. ತನ್ನ ಜೊತೆ ಹಾಸ್ಟೆಲಿನಲ್ಲಿದ್ದ ಒಬ್ಬ ಕರಿಯ ಆಟಗಾರನ ಕತೆಯನ್ನೂ ಹೇಳಿದ. ಆಡುವಷ್ಟು ದಿನ ಕಾಲೇಜು ಅವನನ್ನು ಹೊತ್ತು ಮೆರೆಸಿತು. ಪರೀಕ್ಷೆಗಳಲ್ಲಿ ಹೇಗೋ ದಾಟಿಸಿತು. ಮೊಣಕಾಲು ಮುರಿದ ಮೇಲೆ ಅವನು ಪದವಿಯಿಲ್ಲದೆ ಹೊರಬಿದ್ದು, ಲಾರಿಗೆ ಮೂಟೆ ಹೊರುವ ಕೆಲಸಕ್ಕೆ ಸೇರಿದ.

ನಾನು ಇದನ್ನು ಕನ್ನಡದಲ್ಲಿ ವಿವರಿಸಿ ಹೇಳಿದೆ. ಪಿ.ಡಿ.ಯವರು ಪಟವನ್ನು ಮತ್ತೊಮ್ಮೆ ನೋಡಿದರು. "ಅವ ಸರಿಯಾಗಿ ಆಡಿರ್ಲಿಕ್ಕಿಲ್ಲ" ಎಂದರು. ಅಷ್ಟಕ್ಕೇ ಮುಗಿಯಿತು.

ಇನ್ನು ವಾಮನನ ವಿಷಯ ಹೇಳಬೇಕು. ಬೆಂಗ್ರೆ ಎಂದರೆ ಹೊಳೆಗೂ ಕಡಲಿಗೂ ನಡುವಿನ ಮರಳಿನ ನಾಲಗೆ. ಬಂದರಿನಿಂದ ಕಡವಿನ ದೋಣಿ ಹತ್ತಿ ದಾಟಬೇಕು. ಬಲೆ ಎಳೆದು ಮುಗಿದ ಮೇಲೆ ಅಲ್ಲಿಯ ಯುವಕರು ಬರಿಗಾಲಲ್ಲಿ ಫುಟ್‌ಬಾಲ್ ಆಡುತ್ತಿದ್ದರು. ಹೂಳುವ ಮರಳಿನಲ್ಲಿ ಓಡಿ ಕಲಿತವನಿಗೆ ಹುಲ್ಲಿನ ಮೇಲೆ ರೆಕ್ಕೆ ಬರುತ್ತದೆ ಎಂಬುದು ಪಿ.ಡಿ.ಯವರ ಸಿದ್ಧಾಂತ. ಹಾಗಾಗಿ ಕಡವು ದಾಟಿ ಹೋಗಿ ಆಟಗಾರರನ್ನು ಹುಡುಕಿ ತರುತ್ತಿದ್ದರು. ವಾಮನನನ್ನು ಕೇಳಲು ಹೋದ ದಿನ ನನ್ನನ್ನೂ ಕರೆದುಕೊಂಡು ಹೋಗಿದ್ದರು, ಕಾಲೇಜಿನ ಮೇಡಂ ಜೊತೆಗಿದ್ದರೆ ಮನೆಯವರು ನಂಬುತ್ತಾರೆಂದು. ಅವನ ತಾಯಿ ಮೀನು ಮಾರುವ ಹೆಂಗಸು. ಬುಟ್ಟಿ ಕೆಳಗಿಡದೆಯೇ ಮಾತನಾಡಿದರು.

"ಮಗನನ್ನು ಕಾಲೇಜಿಗೆ ಕಳಿಸಿ ಅಕ್ಕ. ಆಡಿಕೊಂಡು ಓದ್ಲಿ. ಆಮೇಲೆ ಬ್ಯಾಂಕಿನಲ್ಲಿ ಕೂರಿಸುವ ಜವಾಬ್ದಾರಿ ನನ್ನದು" ಎಂದರು ಪಿ.ಡಿ.

"ಕೂರಿಸ್ತೀರಾ, ನಿಲ್ಲಿಸ್ತೀರಾ? ಈಗಲೇ ಹೇಳಿ" ಎಂದರು ಆ ತಾಯಿ. "ಬ್ಯಾಂಕಿನಲ್ಲಿ ಕೂತವರೂ ಉಂಟು, ಬಾಗಿಲಲ್ಲಿ ನಿಂತವರೂ ಉಂಟು. ನಿಲ್ಲುವುದಾದ್ರೆ ಅವ ಇಲ್ಲಿ ದೋಣಿಯಲ್ಲೇ ನಿಲ್ಲಬಹುದು. ಅದಕ್ಕೆ ಕಾಲೇಜು ಎಂತಕ್ಕೆ?"

"ಕುರ್ಚಿಯಲ್ಲಿ ಅಕ್ಕ, ಕುರ್ಚಿಯಲ್ಲಿ!" ಎಂದು ಪಿ.ಡಿ.ಯವರು ನೆಲಕ್ಕೆ ಕೈ ಮುಟ್ಟಿಸಿ ಹೇಳಿದರು. ಆ ಕ್ಷಣದಲ್ಲಿ ಅವರು ಪೂರ್ಣ ಮನಸ್ಸಿನಿಂದಲೇ ಹೇಳಿದ್ದರು.

ವಾಮನ ಕಾಲೇಜು ಸೇರಿದ. ನಮ್ಮ ತಂಡ ಗೆಲ್ಲತೊಡಗಿತು. ಚೆಂಡು ಅವನ ಕಾಲಿಗೆ ಸಿಕ್ಕಿದೊಡನೆ ಪಿ.ಡಿ.ಯವರು ಬದಿಯ ಗೆರೆಯುದ್ದಕ್ಕೂ ಓಡುತ್ತ "ಬಲಿಪು ಮಾರಾಯ, ಬಲಿಪು!" ಎಂದು ತುಳುವಿನಲ್ಲಿ ಕೂಗುವರು, ಓಡು ಎಂದು. ಅವನು ಓಡಿದ, ನನ್ನ ತರಗತಿಯ ಹೊರಗೆಯೇ ಓಡಿದ. ಹಾಜರಿ ಕರೆಯುವಾಗ ಅವನ ಹೆಸರಿಗೆ ಉತ್ತರವಾಗಿ ಬರುತ್ತಿದ್ದದ್ದು ಪಿ.ಡಿ.ಯವರ ಸಹಿಯ ಚೀಟಿ: ಕಾಲೇಜಿನ ಕರ್ತವ್ಯದ ಮೇಲಿದ್ದಾನೆ, ಹಾಜರಿ ಕೊಡುವುದು. ಆಟಗಾರರಿಗೆ ಸಂಜೆ ಪ್ರತ್ಯೇಕ ಪಾಠ ನಡೆಯಲಿ, ನಾನೇ ನಡೆಸುತ್ತೇನೆ ಎಂದು ಪ್ರಾಂಶುಪಾಲರಿಗೆ ಬರೆದೆ. ಸಂಜೆ ಅಭ್ಯಾಸವಿದೆ ಎಂದರು ಪಿ.ಡಿ. ಬೆಳಿಗ್ಗೆ ಎಂದೆ. ಬೆಳಿಗ್ಗೆಯೂ ಅಭ್ಯಾಸವಿದೆ ಎಂದರು. ಪಿ.ಯು.ಸಿ.ಯ ಇಂಗ್ಲಿಷಿನಲ್ಲಿ ಅವನು ಆಟಗಾರರಿಗೆ ಕೊಡುವ ಕೃಪಾಂಕದಿಂದ ದಾಟಿದ. ಕಲಿಸದೆ ಹಾಜರಿ ಕೊಡುವುದು ಒಂದು ಅನ್ಯಾಯ. ಕಲಿಯದವನಿಗೆ ಅಂಕ ಕೊಟ್ಟು ಅದನ್ನು ದಯೆ ಎನ್ನುವುದು ಅದಕ್ಕಿಂತ ದೊಡ್ಡದು. ಎರಡನ್ನೂ ಮಾಡಿದ ಸಂಸ್ಥೆ ಅವನ ಹೆಸರಿನ ಪಕ್ಕ ಮೈಕಿನಲ್ಲಿ ತನ್ನ ಹೆಸರನ್ನು ಹೇಳಿಸಿಕೊಂಡು ಚಪ್ಪಾಳೆ ಗಿಟ್ಟಿಸುತ್ತಿತ್ತು. ಸಭೆಗಳಲ್ಲಿ ನಾನು ಇದನ್ನು ಈ ಮಾತುಗಳಲ್ಲಿಯೇ ಹೇಳಿದ್ದೇನೆ. ಕೇಳಿದವರು ಗಡಿಯಾರ ನೋಡಿದ್ದಾರೆ.

ಬಿ.ಎ.ಯ ಉಳಿದ ವಿಷಯಗಳನ್ನು ವಾಮನ ಕನ್ನಡದಲ್ಲಿ ಬರೆದು ಪಾಸು ಮಾಡಿಕೊಂಡ. ಬುದ್ಧಿ ಚುರುಕಿತ್ತು, ಒಮ್ಮೆ ಕೇಳಿದ್ದನ್ನು ಮರೆಯುತ್ತಿರಲಿಲ್ಲ. ಇಂಗ್ಲಿಷ್ ಒಂದು ಉಳಿಯಿತು. ಅಂತಿಮ ವರ್ಷ ಆ ಪರೀಕ್ಷೆಯ ದಿನವೇ ಕಣ್ಣೂರಿನಲ್ಲಿ ಪಂದ್ಯವಿತ್ತು. ಪಿ.ಡಿ.ಯವರು ಅವನನ್ನು ರೈಲು ಹತ್ತಿಸಿಕೊಂಡು ಹೋದರು. "ಅಕ್ಟೋಬರ್ ಉಂಟಲ್ಲ ಮೇಡಂ! ಪರೀಕ್ಷೆ ವರ್ಷಕ್ಕೆ ಎರಡು ಸಲ ಬರ್ತದೆ, ಫೈನಲ್ ಎರಡು ಸಲ ಬರ್ತದಾ?"

ಕಪ್ ಬಂತು. ಅದರ ಬೆನ್ನಿಗೆ ನಗರದ ಬ್ಯಾಂಕೊಂದು, ಪಿ.ಡಿ.ಯವರೇ ತರಬೇತಿ ಕೊಡುತ್ತಿದ್ದ ತನ್ನ ತಂಡಕ್ಕೆ ನಮ್ಮ ಕಾಲೇಜಿನಿಂದ ಇಬ್ಬರನ್ನು ತೆಗೆದುಕೊಂಡಿತು: ವಾಮನ, ಮತ್ತೆ ಬಜಪೆ ಕಡೆಯ ಬಲಬದಿಯ ಆಟಗಾರ. ಬಜಪೆಯವನಿಗೆ ಪದವಿಯಿತ್ತು, ಆದ್ದರಿಂದ ಗುಮಾಸ್ತ. ವಾಮನನಿಗೆ ಒಂದು ಪತ್ರಿಕೆ ಬಾಕಿಯಿತ್ತು, ಆದ್ದರಿಂದ ಜವಾನ. ಪದವಿ ಮುಗಿಸಿದರೆ, ಅದೂ ವಯಸ್ಸಿನ ಮಿತಿ ದಾಟುವ ಮೊದಲು, ಗುಮಾಸ್ತನನ್ನಾಗಿ ಮಾಡುವುದಾಗಿ ಬ್ಯಾಂಕಿನವರು ಹೇಳಿದರು.

ಚೆಕ್ಕು ಕೊಡಲೆಂದು ಹೋದ ಒಂದು ಬೆಳಿಗ್ಗೆ ವಾಮನನನ್ನು ಆ ಬ್ಯಾಂಕಿನಲ್ಲಿ ಕಂಡೆ. ಖಾಕಿ ಅಂಗಿ ತೊಟ್ಟು ತಟ್ಟೆಯಲ್ಲಿ ಚಹಾ ತಂದು ಕೌಂಟರಿನಲ್ಲಿದ್ದ ಬಜಪೆಯವನ ಮುಂದೆ ಇಡುತ್ತಿದ್ದ. ಬಜಪೆಯವನು "ಶನಿವಾರ ನನಗೆ ಬೇಗ ಪಾಸ್ ಕೊಡು ಮಾರಾಯ, ಕಾಲಲ್ಲೇ ಹಿಡ್ಕೊಂಡು ಕೂತ್ಕೊಳ್ಬೇಡ" ಎಂದು ತಮಾಷೆ ಮಾಡಿದ. "ಸಕ್ಕರೆ ಕಮ್ಮಿ ಹಾಕಿದ್ದೇನೆ, ನೀನು ಓಡುವುದು ಕಮ್ಮಿ ಆಗಿದೆ" ಎಂದು ವಾಮನ ಮರುತ್ತರ ಕೊಟ್ಟ. ಇಬ್ಬರೂ ನಕ್ಕರು. ಅವರು ನಗುತ್ತಿದ್ದಾರೆಂಬ ಕಾರಣಕ್ಕೆ ನಾನು ಸುಮ್ಮನಿರಲಾಗಲಿಲ್ಲ. ನೇರವಾಗಿ ಮೈದಾನಕ್ಕೆ ಹೋದೆ.

"ಸರ್, ಶನಿವಾರ ನೀವು ಮೈಕಿನಲ್ಲಿ ಇಬ್ಬರ ಹೆಸರಿನ ಪಕ್ಕದಲ್ಲಿಯೂ ಒಂದೇ ಕಾಲೇಜಿನ ಹೆಸರು ಹೇಳುತ್ತೀರಿ. ಸೋಮವಾರ ಒಬ್ಬ ಕೂತಿರುತ್ತಾನೆ, ಇನ್ನೊಬ್ಬ ಚಹಾ ತರುತ್ತಾನೆ. ಅವನ ತಾಯಿಗೆ ಏನು ಹೇಳಿ ಬಂದಿದ್ದಿರಿ?"

ಅವರು ಯಾರದೋ ಪಾದದ ಗಂಟು ಒತ್ತುತ್ತಿದ್ದವರು ಕೈ ಬಿಟ್ಟರು. "ನನಗೂ ಸಂಕಟ ಆಗ್ತದೆ ಮೇಡಂ. ಮ್ಯಾನೇಜರಲ್ಲಿಗೆ ಹೋಗಿದ್ದೆ. ನಮ್ಮ ಕಾಲೇಜಿನವ ಅಂದೆ. ಸರ್ಟಿಫಿಕೇಟ್ ಉಂಟಾ ಅಂತ ಕೇಳಿದ್ರು."

"ಮತ್ತೆ?"

"ಎಂತ ಮತ್ತೆ? ಕಾಫಿ ಕೊಟ್ರು. ಕುಡಿದು ಬಂದೆ."

ಮುಂದಿನ ಭಾನುವಾರ ಅವರೇ ವಾಮನನನ್ನು ಕರೆದುಕೊಂಡು ಕುದ್ರೋಳಿಯ ನನ್ನ ಮನೆಗೆ ಬಂದರು. "ಇವನನ್ನು ಕುತ್ತಿಗೆಯಿಂದ ಮೇಲೆ ರಿಪೇರಿ ಮಾಡಿಕೊಡಿ" ಎಂದರು. ಅಂದಿನಿಂದ ಭಾನುವಾರದ ಪಾಠ. ಕರೆತರುವವರೂ ಅವರೇ, ಜಗಲಿಯಲ್ಲಿ ಕೂತು ಸ್ವಲ್ಪ ಹೊತ್ತಿಗೆ ಕೆಮ್ಮುವವರೂ, ಇನ್ನೂ ಸ್ವಲ್ಪ ಹೊತ್ತಿಗೆ ಕಿಟಕಿಯಲ್ಲಿ ಮುಖ ತೋರಿಸಿ "ಆಯ್ತಾ ಮೇಡಂ? ಬಿಸಿಲು ಏರಿದ್ರೆ ಪ್ರಾಕ್ಟೀಸ್ ಆಗ್ಲಿಕ್ಕಿಲ್ಲ" ಎನ್ನುವವರೂ ಅವರೇ. ಮುಳುಗುವವನನ್ನು ಒಂದು ಕೈಯಿಂದ ಎತ್ತಿ ಇನ್ನೊಂದು ಕೈಯಿಂದ ತಳ್ಳುವ ಇಂಥವರ ಮೇಲೆ ಎಷ್ಟು ರೇಗಿದರೆ ಏನು ಫಲ? ಪಾಠವಂತೂ ಸಾಗಿತು. ನಾನು ಹೇಳಿದ ಉತ್ತರಗಳನ್ನು ವಾಮನ ಮರುವಾರ ಒಂದಕ್ಷರ ತಪ್ಪದೆ ಒಪ್ಪಿಸುತ್ತಿದ್ದ. ಈ ಸಲ ಪಾಸಾಗುತ್ತಾನೆ ಎಂದು ನನಗೆ ಖಚಿತವಿತ್ತು. ಮಿತಿಯ ವಯಸ್ಸಿಗೆ ಮೊದಲು ಅವನಿಗೆ ಉಳಿದದ್ದು ಎರಡೇ ಅವಕಾಶ: ಆ ಏಪ್ರಿಲ್, ಅದರ ಮುಂದಿನ ಅಕ್ಟೋಬರ್.

ಏಪ್ರಿಲಿನ ಪರೀಕ್ಷೆ ನಮ್ಮ ಕಾಲೇಜಿನಲ್ಲಿಯೇ ನಡೆಯಿತು. ನಾನು ಬೇರೊಂದು ಕೊಠಡಿಯಲ್ಲಿ ಮೇಲ್ವಿಚಾರಕಿಯಾಗಿದ್ದೆ. ಅರ್ಧ ಗಂಟೆಗೆ ಮೊದಲು ಯಾರೂ ಹೊರಹೋಗುವಂತಿಲ್ಲ ಎಂಬುದು ನಿಯಮ. ಆ ಅರ್ಧ ಗಂಟೆ ಕಳೆದದ್ದೇ ತಡ, ಗೇಟಿನ ಬಳಿ ಜೀಪಿನ ಹಾರ್ನ್ ಮೊಳಗಿತು. ಕಿಟಕಿಯಿಂದ ನೋಡಿದೆ. ಬ್ಯಾಂಕಿನ ಜೀಪು, ಒಳಗೆ ಬಿಳಿಯ ಅಂಗಿಯ ಪಿ.ಡಿ. ಮತ್ತೊಮ್ಮೆ ಹಾರ್ನ್. ಎದುರಿನ ಕೊಠಡಿಯಿಂದ ವಾಮನ ಹೊರಬಂದ, ಅಂಗಳ ದಾಟಿ ಓಡಿದ, ಜೀಪು ಹತ್ತಿದ. ನಾನು ಮೆಟ್ಟಿಲಿಳಿದು ಗೇಟಿಗೆ ಬರುವಷ್ಟರಲ್ಲಿ ಜೀಪು ಹೊರಟುಹೋಗಿತ್ತು.

ಮರುದಿನ ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರು ಅವರನ್ನು ನಿಲ್ಲಿಸಿ ಕೇಳಿದೆ. ಬ್ಯಾಂಕಿನ ತಂಡಕ್ಕೆ ಉಡುಪಿಯಲ್ಲಿ ಪಂದ್ಯ ಇದ್ದದ್ದು ಸಂಜೆ. ಬೆಳಿಗ್ಗೆಯೇ ಜೀಪು ಏಕೆ ಎಂದೆ. "ವಾರ್ಮ್ ಅಪ್ ಬೇಕಿತ್ತು ಮೇಡಂ" ಎಂದರು. ಒಬ್ಬ ಮನುಷ್ಯನ ಜೀವಮಾನದ ಅನ್ನಕ್ಕಿಂತ ನಿಮ್ಮ ವಾರ್ಮ್ ಅಪ್ ದೊಡ್ಡದೇ ಎಂದೆ. ನೀವು ಅವನ ಕಾಲನ್ನು ಮಾತ್ರ ಕಡವು ದಾಟಿಸಿ ತಂದವರು, ಅವನನ್ನು ಅಲ್ಲಿಯೇ ಬಿಟ್ಟು ಬಂದಿರಿ ಎಂದೆ. ಅವರು ತಲೆ ತಗ್ಗಿಸಿ ಕೇಳಿದರು. "ಹೌದು ಮೇಡಂ. ತಪ್ಪಾಯ್ತು" ಎಂದರು. ಅವರು ತಪ್ಪೊಪ್ಪಿಕೊಂಡದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಅಷ್ಟರಲ್ಲಿ ಇತಿಹಾಸದ ಅಧ್ಯಾಪಕರು ಪತ್ರಿಕೆಯ ಮರೆಯಿಂದ, "ಮ್ಯಾಚ್ ಎಂತಾಯ್ತು ಪಿ.ಡಿ.?" ಎಂದರು. "ಗೆದ್ದೆವು. ಎರಡು ಗೋಲು, ಎರಡೂ ಅವನದ್ದೇ" ಎಂದು ಅವರು ತಗ್ಗಿದ ದನಿಯಲ್ಲೇ ಉತ್ತರಿಸಿದರು.

ಆ ಮೇಲೆ ವಾಮನ ಭಾನುವಾರ ಬರಲಿಲ್ಲ. ಹೇಳಿ ಕಳುಹಿಸಿದೆ, ಆದರೂ ಬರಲಿಲ್ಲ. ಅಕ್ಟೋಬರ್ ಕಳೆಯಿತು, ವಯಸ್ಸು ಮೀರಿತು. ಪಿ.ಡಿ.ಯವರು ನಿವೃತ್ತರಾದರು. ನಾವಿಬ್ಬರೂ ದಾರಿಯಲ್ಲಿ ಎದುರಾದರೆ ಮಾತನಾಡುತ್ತಿದ್ದೆವು, ಹವಾಮಾನದ ಬಗ್ಗೆ.

ಅವರ ಶ್ರದ್ಧಾಂಜಲಿ ಸಭೆಯಲ್ಲಿ ನನಗೂ ಮಾತನಾಡಲು ಹೇಳಿದರು. ಎಲೆ ಎತ್ತಿಕೊಂಡು ಜಗಲಿಗೆ ಬಂದದ್ದನ್ನು ಹೇಳಿದೆ, ಮೈಕಿನಿಂದ ಕುಲನಾಮ ಕಿತ್ತುಹಾಕಿದ್ದನ್ನು ಹೇಳಿದೆ, ಹಾರ್ನ್ ಹೊಡೆದು ಪರೀಕ್ಷೆಯಿಂದ ಎಬ್ಬಿಸಿದ್ದನ್ನೂ ಹೇಳಿದೆ. ಸತ್ತವರ ಬಗ್ಗೆ ಹೀಗೆ ಹೇಳಬಾರದೆಂದು ಮುಂದಿನ ಸಾಲಿನವರು ಗೊಣಗಿದರು.

ಮರುದಿನ ಬೆಳಿಗ್ಗೆ ವಾಮನ ಮನೆಗೆ ಬಂದ. ಕಿವಿಯ ಬಳಿ ಕೂದಲು ನರೆತಿತ್ತು. ಕುರ್ಚಿ ತೋರಿಸಿದರೂ ತುದಿಯಲ್ಲಿ ಕುಳಿತ.

"ಮೇಡಂ, ನಿನ್ನೆ ನೀವು ಹಾರ್ನಿನದ್ದು ಹೇಳಿದ್ರಿ. ಅದು ಹಾಗಲ್ಲ."

"ನಾನೇ ಕಣ್ಣಾರೆ ನೋಡಿದ್ದೇನೆ ವಾಮನ."

"ನೋಡಿದ್ದು ಹೌದು. ಹಾರ್ನ್ ಹೊಡೀಲಿಕ್ಕೆ ಸರ್‌ಗೆ ಹೇಳಿದ್ದು ನಾನು." ಅವನು ಅಂಗೈಗಳನ್ನು ಒಂದಕ್ಕೊಂದು ಉಜ್ಜಿಕೊಂಡ. "ಆ ದಿನ ಬೆಳಿಗ್ಗೆ ಹೋಗಿ ಹೇಳಿದೆ. ಅರ್ಧ ಗಂಟೆ ಆದ ಮೇಲೆ ಹಾರ್ನ್ ಹೊಡೀರಿ. ಪೇಪರ್ ಬರುವಂಥದ್ದಾದ್ರೆ ನಾನು ಏಳುವುದಿಲ್ಲ. ಬಾರದಿದ್ರೆ ಎದ್ದು ಬರ್ತೇನೆ. ಮ್ಯಾಚಿಗೆ ಹೋದ ಅಂತ ಎಲ್ಲ ಎಣಿಸ್ತಾರೆ, ದಡ್ಡ ಅಂತ ಎಣಿಸುವುದಿಲ್ಲ."

"ನಿನಗೆ ಎಲ್ಲ ಬಾಯಿಗೆ ಬರುತ್ತಿತ್ತಲ್ಲ! ಒಂದಕ್ಷರ ತಪ್ಪದೆ ಹೇಳುತ್ತಿದ್ದೆ."

"ಉತ್ತರ ಎಲ್ಲ ಬರ್ತಿತ್ತು ಮೇಡಂ. ಪ್ರಶ್ನೆ ಯಾವುದು ಅಂತಲೇ ಗೊತ್ತಾಗ್ಲಿಲ್ಲ. ಮನೆಯಲ್ಲಿ ನೀವು ಪ್ರಶ್ನೆ ಓದಿ, ಅರ್ಥ ಹೇಳಿ, ಆಮೇಲೆ ಕೇಳ್ತಿದ್ರಿ. ಅಲ್ಲಿ ಓದಿ ಹೇಳ್ಲಿಕ್ಕೆ ಯಾರಿದ್ದಾರೆ? ಯಾವ ಉತ್ತರ ಯಾವುದಕ್ಕೆ ಬರೆಯುವುದು?"

ಬಿ.ಎ. ಪರೀಕ್ಷೆಗೆ ಕೂತ ಒಬ್ಬನಿಗೆ ಒಂದು ಇಂಗ್ಲಿಷ್ ವಾಕ್ಯ ಓದಿ ಅರ್ಥ ಮಾಡಿಕೊಳ್ಳಲು ಬರುತ್ತಿರಲಿಲ್ಲ. ಚೀಟಿಗಳಲ್ಲಿ ಬಂದ ಹಾಜರಿ, ದಯೆಯಲ್ಲಿ ಬಂದ ಅಂಕ ಅವನನ್ನು ಅಲ್ಲಿಯವರೆಗೆ ತಂದು ನಿಲ್ಲಿಸಿದ್ದವು.

"ಇದನ್ನು ಆಗಲೇ ನನಗೆ ಏಕೆ ಹೇಳಲಿಲ್ಲ?"

"ಹೇಳ್ತೇನೆ ಅಂದೆ. ಸರ್ ಬೇಡ ಅಂದ್ರು. ಮೇಡಂ ನನ್ನನ್ನು ಬೈಯಲಿ, ನನಗೆ ಅಭ್ಯಾಸ ಉಂಟು, ನಿನ್ನನ್ನು ಕಮ್ಮಿ ಮಾಡಿ ನೋಡ್ಲಿಕ್ಕೆ ಬಾರದು ಅಂದ್ರು. ಸ್ಟಾಫ್ ರೂಮಿನಲ್ಲಿ ನೀವು ಬೈದದ್ದು ನನಗೆ ಆಮೇಲೆ ಗೊತ್ತಾಯ್ತು. ನನ್ನ ವಿಷಯ ಸರ್ ಒಂದು ಮಾತೂ ಹೇಳ್ಲಿಲ್ಲವಂತೆ. ನನ್ನ ಮರ್ಯಾದೆ ಉಳಿಸಿದ್ರು ಮೇಡಂ."

"ಅಕ್ಟೋಬರಿಗೆ?"

"ಫೀಸು ಕಟ್ಲಿಕ್ಕೆ ಹೊರಟಿದ್ದೆ. ಸರ್ ಮನೆಗೆ ಬಂದ್ರು. ಬೇಡ ಮಾರಾಯ, ಇನ್ನೊಮ್ಮೆ ನೀನು ಅಲ್ಲಿ ಕೂತು ಬೆವರುವುದು ನನಗೆ ನೋಡ್ಲಿಕ್ಕೆ ಆಗುವುದಿಲ್ಲ ಅಂದ್ರು. ಕಣ್ಣಲ್ಲಿ ನೀರಿತ್ತು ಅವರಿಗೆ. ಹಾಗೆ ಬಿಟ್ಟೆ."

ಆ ಕಣ್ಣೀರನ್ನು ನಾನು ನಂಬುತ್ತೇನೆ. ಅವರು ಬದುಕಿದ್ದಿದ್ದರೆ ಅದಕ್ಕಾಗಿಯೇ ಆ ದಿನ ಮತ್ತೊಮ್ಮೆ ಅವರ ಮನೆಗೆ ಹೋಗಿ ಜಗಳವಾಡುತ್ತಿದ್ದೆ. ಇವನು ಬೆವರಿದರೆ ಇವರಿಗೆ ನೋಡಲಾಗದು. ಆದ್ದರಿಂದ ಇವನು ಜೀವಮಾನವೆಲ್ಲ ಚಹಾ ಹೊರಬೇಕು. ನಮ್ಮಲ್ಲಿ ಕ್ರೌರ್ಯಕ್ಕೆ ವಿರೋಧವಿದೆ, ಸಂಘಗಳಿವೆ, ಘೋಷಣೆಗಳಿವೆ. ಈ ಬಗೆಯ ಮಮತೆಗೆ ಎದುರು ನಿಂತು ಏನೆಂದು ಕೂಗುವುದು?

"ಅವರು ನಿನ್ನ ಮನೆಗೆ ಬರದೆ ಇದ್ದಿದ್ದರೆ ಅಕ್ಟೋಬರಿನಲ್ಲಿ ನೀನು ಬರೆಯುತ್ತಿದ್ದೆಯಾ?" ಎಂದು ಕೇಳಿದೆ.

"ಬರೀತಿದ್ದೆ ಮೇಡಂ. ಎಲ್ಲ ಗೊತ್ತಾದ ಮೇಲೆ ನೀವು ಪುನಃ ಹೇಳಿಕೊಡ್ತಿದ್ರಾ?"

"ಹೇಳಿಕೊಡುತ್ತಿದ್ದೆ. ಪ್ರಶ್ನೆಯಿಂದ ಶುರುಮಾಡುತ್ತಿದ್ದೆ."

ಅವನು ತಲೆಯಾಡಿಸಿ ಗೋಡೆಯ ಗಡಿಯಾರದ ಕಡೆ ನೋಡಿದ. ಮ್ಯಾನೇಜರು ಬರುವ ಮೊದಲು ಬ್ಯಾಂಕಿನ ಶಟರ್ ಎತ್ತಬೇಕಾದವನು ಅವನೇ. ಕುರ್ಚಿಯನ್ನು ಸದ್ದಾಗದಂತೆ ಹಿಂದಕ್ಕೆ ಸರಿಸಿ ಎದ್ದು, ಗೇಟು ದಾಟಿದ ಮೇಲೆ ಓಡತೊಡಗಿದ.